ಕಾರ್ಪೆಟ್ಟಿನ ಗೆರೆಗಳನ್ನು ಕೆಡಿಸದಿರುವ ಬಗ್ಗೆ

ಗೃಹ ನೆಲಹಾಸು ನೈರ್ಮಲ್ಯ ಇಲಾಖೆ
ಉಪನಿರ್ದೇಶಕರ ಕಚೇರಿ, ಮೂರನೇ ಮಹಡಿ
(ಲಿಫ್ಟ್ ದುರಸ್ತಿಯಲ್ಲಿರುತ್ತದೆ. ಯಾವಾಗ ಸರಿಹೋಗುವುದೆಂದು ಯಾರೂ ಕೇಳತಕ್ಕದ್ದಲ್ಲ.)

ಸಂಖ್ಯೆ: ಗೃನೆನೈ/ಗೆರೆ/ಸುತ್ತೋಲೆ-4

ಸುತ್ತೋಲೆ

ವಿಷಯ: ಮನೆಗಳ ಕಾರ್ಪೆಟ್ಟನ್ನು ನಿಯತವಾಗಿ ವ್ಯಾಕ್ಯೂಮ್ ಕ್ಲೀನರಿನಿಂದ ಶುಚಿಗೊಳಿಸುವುದು ಹಾಗೂ ಶುಚಿಗೊಳಿಸಿದ ನಂತರ ಅದರ ಮೇಲೆ ಯಾರೂ ನಡೆಯದಿರುವ ಬಗ್ಗೆ.

ಉಲ್ಲೇಖ:
1. ಇದೇ ವಿಷಯದ ಮೇಲಿನ ಮೊದಲ ಸುತ್ತೋಲೆ.
2. ಸದರಿ ಸುತ್ತೋಲೆ ಯಾರಿಗೂ ಅರ್ಥವಾಗಲಿಲ್ಲವೆಂದು ಹೊರಡಿಸಿದ ಸ್ಪಷ್ಟೀಕರಣ.
3. ಸದರಿ ಸ್ಪಷ್ಟೀಕರಣ ಎಲ್ಲರಿಗೂ ಅರ್ಥವಾಗಿಬಿಟ್ಟಿತೆಂಬ ಕಾರಣಕ್ಕೆ ಅದನ್ನು ಹಿಂಪಡೆದ ಆದೇಶ.
4. ನೆಲಹಾಸು ನಿರೀಕ್ಷಕರ ವರದಿಗಳು.
5. ನೆಲಮಹಡಿಯ ಹೊಲಿಗೆಯಾಕೆಯು ಬಾಗಿಲಲ್ಲಿ ನಿಂತು, ಕೇಳದಿದ್ದರೂ ನೀಡಿದ ವಿವರಣೆ.

ಪ್ರಸ್ತಾವನೆ:

ಇಲಾಖೆಯ ವಸತಿ ಸಮುಚ್ಚಯದ ಪ್ರತಿ ಮನೆಯ ಮುಂಗೋಣೆಗೂ, ಗೋಡೆಯ ಬದಿಗೆ ಒಂದು ಗೇಣು ಬರಿನೆಲ ಬಿಟ್ಟು, ಒಂದು ಬೂದುಬಣ್ಣದ ಕಾರ್ಪೆಟ್ಟನ್ನೂ ಅದನ್ನು ಶುಚಿಯಾಗಿಡಲು ಒಂದು ವ್ಯಾಕ್ಯೂಮ್ ಕ್ಲೀನರನ್ನೂ ಇಲಾಖೆಯ ವತಿಯಿಂದ ಒದಗಿಸಲಾಗಿರುತ್ತದೆ. ಒದಗಿಸಿದ ದಿನ ನಿವಾಸಿಗಳು ಕೈಮುಗಿದರು. ಮರುದಿನದಿಂದಲೇ ಅದರ ಮೇಲೆ ಕುಳಿತರು, ಮಲಗಿದರು, ಮಕ್ಕಳನ್ನು ಉರುಳಾಡಲು ಬಿಟ್ಟರು. ಒಟ್ಟಿನಲ್ಲಿ ಕಾರ್ಪೆಟ್ಟನ್ನು ಕಾರ್ಪೆಟ್ಟಿನಂತೆಯೇ ಬಳಸತೊಡಗಿದರು. ಈ ಮಟ್ಟದ ಜನರಿಗೆ ಈ ಮಟ್ಟದ ವಸ್ತುವನ್ನು ಕೊಟ್ಟದ್ದು ತಪ್ಪಾಯಿತೇನೋ ಎಂದು ಈ ಸುತ್ತೋಲೆಗೆ ಸಹಿ ಮಾಡಿರುವ ಉಪನಿರ್ದೇಶಕರಿಗೆ ಅನ್ನಿಸಿರುತ್ತದೆ. ಅವರಿಗೆ ಹಾಗೆ ಅನ್ನಿಸಿದಾಗಲೆಲ್ಲ ಒಂದು ಸುತ್ತೋಲೆ ಹೊರಡುವುದು ಇಲಾಖೆಯ ವಾಡಿಕೆ.

ಆದ್ದರಿಂದ ಈ ಮೂಲಕ ಸಮಸ್ತ ನಿವಾಸಿಗಳಿಗೂ ಸಿಬ್ಬಂದಿಗೂ ಕೆಳಕಂಡಂತೆ ಸೂಚಿಸಲಾಗಿದೆ (ಕಲಂ 1ರಿಂದ 6ರವರೆಗಿನ ನಿಯಮಗಳು ಮೊದಲ ಸುತ್ತೋಲೆಯಿಂದಲೇ ಜಾರಿಯಲ್ಲಿರುತ್ತವೆ):

1. ಶುಚಿ ಎಂದರೇನು. ಕಾರ್ಪೆಟ್ಟಿನೊಳಗಿನ ಧೂಳು ಕಣ್ಣಿಗೆ ಕಾಣುವುದಿಲ್ಲ. ಕಾಣದಿರುವುದನ್ನು ತಪಾಸಣೆ ಮಾಡುವುದು ಇಲಾಖೆಗೆ ಸಾಧ್ಯವಿಲ್ಲ. ಆದರೆ ವ್ಯಾಕ್ಯೂಮ್ ಕ್ಲೀನರ್ ಹಾದುಹೋದ ಜಾಗದಲ್ಲಿ ನೂಲು ಒಂದು ಕಡೆಗೆ ಮಲಗಿ, ಒಂದು ತಿಳಿ ಒಂದು ದಟ್ಟವಾಗಿ ಪಟ್ಟಿಪಟ್ಟಿ ಗೆರೆ ಮೂಡುತ್ತದೆ. ಗೆರೆ ಕಾಣುತ್ತದೆ. ಆದಕಾರಣ, ಇನ್ನು ಮುಂದೆ ಗೆರೆ ಇರುವ ಕಾರ್ಪೆಟ್ಟು ಶುಚಿ, ಗೆರೆ ಇಲ್ಲದ್ದು ಕೊಳಕು ಎಂದು ಪರಿಗಣಿಸತಕ್ಕದ್ದು. ಧೂಳಿನ ವಿಷಯವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

2. ಗೆರೆಗಳು ಬಾಗಿಲಿನಿಂದ ಕಿಟಕಿಯವರೆಗೆ ನೇರವಾಗಿರತಕ್ಕದ್ದು. ಡೊಂಕು ಗೆರೆಯು ಮನೆಯವರ ಮನಸ್ಸು ಕೆಲಸದ ಮೇಲಿಲ್ಲವೆಂಬುದನ್ನು ತೋರಿಸುತ್ತದೆ. ಅಡ್ಡ ಗೆರೆಯು ಗಂಡಹೆಂಡಿರ ನಡುವೆ ಏನೋ ಸರಿಯಿಲ್ಲವೆಂಬುದನ್ನು ತೋರಿಸುತ್ತದೆ. ಅಂಥ ಮನೆಗಳಿಗೆ ನಿರೀಕ್ಷಕರು ಎರಡನೇ ಸಲ ಭೇಟಿ ನೀಡಿ ವಿಚಾರಿಸುವರು.

3. ನಡೆಯುವ ಬಗ್ಗೆ. ಗೆರೆ ಮೂಡಿಸಿದ ನಂತರ ತಪಾಸಣೆ ಮುಗಿಯುವವರೆಗೆ ಕಾರ್ಪೆಟ್ಟಿನ ಮೇಲೆ ಯಾರೂ ಕಾಲಿಡತಕ್ಕದ್ದಲ್ಲ. ತಪಾಸಣೆಯ ದಿನವನ್ನು ಮುಂಚಿತವಾಗಿ ತಿಳಿಸಲಾಗುವುದಿಲ್ಲ. ಆದ್ದರಿಂದ ಯಾವ ದಿನವೂ ಕಾಲಿಡತಕ್ಕದ್ದಲ್ಲ ಎಂಬುದು ಸ್ವಲ್ಪ ಬುದ್ಧಿ ಇರುವವರಿಗೆ ಹೊಳೆಯುವ ವಿಷಯ. ಹೊಳೆಯದವರಿಗಾಗಿ ಇಲ್ಲಿ ಬರೆಯಲಾಗಿದೆ.

(ಅ) ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವವರು ಗೋಡೆಗೆ ಬೆನ್ನು ಹಚ್ಚಿ, ಬರಿನೆಲದ ಮೇಲೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಸಾಗತಕ್ಕದ್ದು. ಹೊಟ್ಟೆ ಇರುವವರು ಉಸಿರು ಬಿಟ್ಟುಕೊಂಡು ಸಾಗತಕ್ಕದ್ದು. ಎದುರಿನಿಂದ ಇನ್ನೊಬ್ಬರು ಬಂದರೆ ಕಿರಿಯರು ಹಿಂದಕ್ಕೆ ಹೋಗತಕ್ಕದ್ದು. ಅತ್ತೆ ಸೊಸೆಯರು ಎದುರಾದಲ್ಲಿ ಇಲಾಖೆಗೆ ಬರೆದು ಕೇಳತಕ್ಕದ್ದು.

(ಆ) ನೆಂಟರನ್ನು ಮೆಟ್ಟಿಲ ಮೇಲೆಯೇ ಮಾತಾಡಿಸಿ ಕಳುಹಿಸತಕ್ಕದ್ದು. ಇದರಿಂದ ನಿವಾಸಿಗಳಿಗೂ ಅನುಕೂಲವೇ ಆಗಿದೆಯೆಂದು ತಿಳಿದುಬಂದಿದೆ.

(ಇ) ಈ ನಿಯಮ ಪಾಲಿಸಲು ಆಗುವುದಿಲ್ಲವೆಂದು ಗೊಣಗುವವರು ಉಪನಿರ್ದೇಶಕರ ಮನೆಯನ್ನು ನೋಡಿ ಕಲಿಯತಕ್ಕದ್ದು. ಅವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಕೊಂಡೇ ಊಟ ಮಾಡುತ್ತಾರೆ. ಅವರ ಅತ್ತೆಯವರು ಮೂಲೆಯ ಸ್ಟೂಲಿನ ಮೇಲೆ ಕಾಲು ಮಡಚಿ ಕುಳಿತವರು ಅಲ್ಲೇ ಇದ್ದಾರೆ. ದಿನಪತ್ರಿಕೆಯನ್ನು ಬಾಗಿಲಿನಿಂದ ಅವರ ಕಡೆಗೆ ಎಸೆಯಲಾಗುತ್ತದೆ, ಹಿಡಿಯುವುದರಲ್ಲಿ ಈಗ ಅವರ ಕೈ ಪಳಗಿದೆ. ಉಪನಿರ್ದೇಶಕರು ತಮ್ಮದೇ ಮನೆಯ ಕಿಟಕಿಯ ಹತ್ತಿರ ಹೋಗಿ ಬಹಳ ಕಾಲವಾಯಿತು. ಇದನ್ನು ಹೆಮ್ಮೆಯಿಂದ ನಮೂದಿಸಲಾಗಿದೆ.

4. ಬಾಚಣಿಗೆಯ ಬಗ್ಗೆ. ಕೆಲವು ನಿವಾಸಿಗಳು ವ್ಯಾಕ್ಯೂಮ್ ಕ್ಲೀನರನ್ನು ಬಳಸದೆ, ತಲೆ ಬಾಚುವ ಬಾಚಣಿಗೆಯಿಂದ ಕಾರ್ಪೆಟ್ಟಿನ ಮೇಲೆ ಗೆರೆ ಎಳೆಯುತ್ತಿರುವುದು ಇಲಾಖೆಗೆ ಗೊತ್ತಿಲ್ಲದ ವಿಷಯವಲ್ಲ. ಪರಿಶೀಲಿಸಲಾಗಿ, ಬಾಚಣಿಗೆಯ ಗೆರೆ ಯಂತ್ರದ ಗೆರೆಗಿಂತ ನಯವಾಗಿಯೂ ಒತ್ತೊತ್ತಾಗಿಯೂ ಇರುವುದು ಕಂಡುಬಂದಿದೆ. ಕಲಂ 1ರ ಪ್ರಕಾರ ಹೆಚ್ಚು ಗೆರೆ ಎಂದರೆ ಹೆಚ್ಚು ಶುಚಿ. ಆದ್ದರಿಂದ ಬಾಚಣಿಗೆಯನ್ನಷ್ಟೇ ಬಳಸುವ ಮೇಲ್ಮಹಡಿಯ ಗುತ್ತಿಗೆದಾರರೊಬ್ಬರ ಮನೆಯನ್ನು ಈ ಸಾಲಿನ ಮಾದರಿ ಮನೆಯೆಂದು ಘೋಷಿಸಲಾಗಿದೆ. ಅವರ ವ್ಯಾಕ್ಯೂಮ್ ಕ್ಲೀನರ್ ಇಂದಿಗೂ ಪೆಟ್ಟಿಗೆ ಒಡೆಯದೆ ಹಾಗೇ ಇದ್ದು, ಅದರ ಮೇಲೆ ಟಿವಿ ಇಟ್ಟುಕೊಂಡಿದ್ದಾರೆ. ಯಂತ್ರವನ್ನು ಇಷ್ಟು ಜೋಪಾನ ಮಾಡಿದ ಇನ್ನೊಂದು ಮನೆಯಿಲ್ಲ. ಸದರಿ ಮನೆಯ ಹೊಸ್ತಿಲಲ್ಲಿ ಬಗ್ಗಿದ ನಿರೀಕ್ಷಕರಿಗೆ ಸೀನು ಹತ್ತಿ, ಮೆಟ್ಟಿಲಿಳಿದು ಬೀದಿಗೆ ಬಂದರೂ ನಿಲ್ಲಲಿಲ್ಲ. ಅದು ನಿರೀಕ್ಷಕರ ವೈಯಕ್ತಿಕ ದೌರ್ಬಲ್ಯವೆಂದು ತೀರ್ಮಾನಿಸಲಾಗಿದೆ.

5. ನಿರೀಕ್ಷಕರು ಸಹ ಕಾರ್ಪೆಟ್ಟಿನ ಮೇಲೆ ಕಾಲಿಡತಕ್ಕದ್ದಲ್ಲ. ಹೊಸ್ತಿಲಲ್ಲಿ ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಟಾರ್ಚು ಬಿಟ್ಟು ನೋಡತಕ್ಕದ್ದು. ಆ ಹೊತ್ತಿನಲ್ಲಿ ಮನೆಯವರು ನಗತಕ್ಕದ್ದಲ್ಲ.

6. ಸಾಕ್ಷ್ಯದ ಬಗ್ಗೆ. ತಪಾಸಣೆಯಲ್ಲಿ ಕಾರ್ಪೆಟ್ಟಿನ ಮೇಲೆ ಯಾವುದೇ ಹೆಜ್ಜೆಗುರುತು ಕಂಡುಬಂದಲ್ಲಿ ಅದನ್ನು ಸಾಕ್ಷ್ಯವೆಂದು ಪರಿಗಣಿಸಿ, ಕಡತ ಇತ್ಯರ್ಥವಾಗುವವರೆಗೆ ಅಳಿಸದೆ ಕಾಪಾಡತಕ್ಕದ್ದು. ಅದೇ ವೇಳೆ, ಕಾರ್ಪೆಟ್ಟನ್ನು ಪ್ರತಿದಿನ ವ್ಯಾಕ್ಯೂಮ್ ಮಾಡುವುದನ್ನೂ ಬಿಡತಕ್ಕದ್ದಲ್ಲ. ಇವೆರಡನ್ನೂ ಒಟ್ಟಿಗೆ ಹೇಗೆ ಮಾಡುವುದೆಂದು ಕೆಲವರು ಕೇಳಿದ್ದಾರೆ. ಹೀಗೆ ಪ್ರಶ್ನೆ ಕೇಳಲು ಹೊತ್ತಿರುವವರಿಗೆ ಕೆಲಸ ಮಾಡಲು ಮಾತ್ರ ಹೊತ್ತಿರುವುದಿಲ್ಲ. ನಿಯಮಗಳ ನಡುವೆ ವಿರೋಧ ಕಂಡುಬಂದಲ್ಲಿ ತಪ್ಪು ನಿವಾಸಿಗಳದ್ದೆಂದು ತಿಳಿಯತಕ್ಕದ್ದು.

7. ನೆಲಮಹಡಿಯ ಪ್ರಕರಣ. ಮೇಲ್ಕಂಡ ನಿಯಮಗಳನ್ನು ಉಲ್ಲಂಘಿಸಿದರೆ ಏನಾಗುವುದೆಂದು ಉಳಿದವರಿಗೆ ತಿಳಿಯಲೆಂದು ಈ ಪ್ರಕರಣವನ್ನು ವಿವರವಾಗಿ ನೀಡಲಾಗಿದೆ.

ನೆಲಮಹಡಿಯ ಮನೆಯಲ್ಲಿ ಬಟ್ಟೆ ಹೊಲಿದು ಜೀವನ ಸಾಗಿಸುವ ಒಬ್ಬ ಹೆಣ್ಣುಮಗಳು (ಇನ್ನು ಮುಂದೆ ಹೊಲಿಗೆಯಾಕೆ) ಹಾಗೂ ಅವಳ ಮಾವ, ನಿವೃತ್ತ ಬಸ್ ಚಾಲಕರು (ಇನ್ನು ಮುಂದೆ ಚಾಲಕರು) ವಾಸವಾಗಿರುತ್ತಾರೆ. ಚಾಲಕರಿಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಸ್ವಾಧೀನ ತಪ್ಪಿರುತ್ತದೆ. ಇದು ಅವರ ಮನೆಯ ವಿಷಯವಾಗಿದ್ದು ಇಲಾಖೆಗೆ ಸಂಬಂಧಿಸಿರುವುದಿಲ್ಲ. ಇಲಾಖೆಗೆ ಸಂಬಂಧಿಸಿದ್ದು ಕಾರ್ಪೆಟ್ಟು.

(ಅ) ಮೊದಲ ತಪಾಸಣೆ: ಗೆರೆಗಳು ನೇರವಾಗಿದ್ದವು. ಆದರೆ ಅವುಗಳ ಮೇಲೆ, ಮಲಗುವ ಕೋಣೆಯ ಬಾಗಿಲಿನಿಂದ ಕಿಟಕಿಯ ಅರ್ಧ ದಾರಿಯವರೆಗೆ, ಏನನ್ನೋ ಎಳೆದುಕೊಂಡು ಹೋದಂಥ ಒಂದೇ ಉದ್ದನೆಯ ಗೀರು. ಪಕ್ಕದಲ್ಲಿ ಬಲಪಾದದ ಗುರುತುಗಳಷ್ಟೇ, ಅವುಗಳ ಮಗ್ಗುಲಲ್ಲೇ ಹೆಣ್ಣುಮಗಳೊಬ್ಬಳ ಪಾದದ ಗುರುತುಗಳು. ಅರ್ಧ ದಾರಿಯಲ್ಲಿ ಯಾರೋ ಕುಸಿದು ಕುಳಿತಂತೆ ಒಂದು ದೊಡ್ಡ ತಗ್ಗು. ಪೀಠೋಪಕರಣ ಎಳೆದಾಡಿದ ಅಪರಾಧವೆಂದು ದಾಖಲಿಸಲಾಯಿತು.

ಈ ಬಗ್ಗೆ ಹೊಲಿಗೆಯಾಕೆ ನೀಡಿದ ವಿವರಣೆಯನ್ನು, ಅದರಲ್ಲಿ ತಿದ್ದಲು ಯೋಗ್ಯವಾದುದು ಏನೂ ಇಲ್ಲದ ಕಾರಣ, ಅವಳ ಮಾತಿನಲ್ಲಿಯೇ ನೀಡಲಾಗಿದೆ: "ಪೀಠೋಪಕರಣ ಅಲ್ಲ ಸಾರ್, ಅದು ನಮ್ಮ ಮಾವನ ಎಡಗಾಲು. ನಡೆಯೋದು ಕಲೀತಿದ್ದಾರೆ. ಹೊರಗಡೆ ಎಲ್ಲಾ ಕಲ್ಲುನೆಲ, ಬಿದ್ರೆ ಸೊಂಟ ಮುರಿದುಹೋಗುತ್ತೆ. ಇದರ ಮೇಲಾದ್ರೆ ಬಿದ್ದರೂ ಎದ್ದು ಕೂತು ನಗ್ತಾರೆ. ನಾನು ಹೊಲಿಯೋಳು, ಮನೆ ತುಂಬ ಗುಂಡುಸೂಜಿ. ಆ ಕಾಲಿಗೆ ಚುಚ್ಚಿದರೂ ಅವರಿಗೆ ಗೊತ್ತಾಗಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಅಯಸ್ಕಾಂತ ಆಡಿಸಿ, ಧೂಳು ಹೀರೋ ಮೆಷಿನ್ ಹಾಕಿ, ಅಂಗೈಯಲ್ಲಿ ಒಂದ್ಸಲ ಸವರಿ ನೋಡಿ, ಆಮೇಲೇ ಅವರನ್ನ ಇಳಿಸೋದು. ಬೇಕಾದ್ರೆ ನೀವೂ ಸವರಿ ನೋಡಿ, ಒಂದು ಎಳೆ ದಾರ ಸಿಕ್ಕಿದ್ರೆ ಕೇಳಿ."

ನಿರೀಕ್ಷಕರು ಸವರಿ ನೋಡಿದರು. ಒಂದು ಎಳೆ ದಾರವೂ ಸಿಗಲಿಲ್ಲ. ಸೀನೂ ಬರಲಿಲ್ಲ. ಆದರೆ ಧೂಳಿನ ವಿಷಯವು ಕಲಂ 1ರಲ್ಲಿಯೇ ಮುಕ್ತಾಯಗೊಂಡಿರುವುದರಿಂದ ಇದಕ್ಕೆ ಯಾವುದೇ ಬೆಲೆ ಇರುವುದಿಲ್ಲ. ಅಲ್ಲದೆ, ಇಷ್ಟು ವರ್ಷ ಬಸ್ಸು ಓಡಿಸಿದ ವಯಸ್ಕರೊಬ್ಬರು ನಡೆಯಲು ಕಲಿಯುವುದಕ್ಕೆ ಇಲಾಖೆಯಲ್ಲಿ ಪೂರ್ವನಿದರ್ಶನವಿಲ್ಲ. ವಿವರಣೆಯನ್ನು ತಿರಸ್ಕರಿಸಲಾಯಿತು.

(ಆ) ಎರಡನೇ ತಪಾಸಣೆ: ಸುಧಾರಣೆ ಇರಲಿಲ್ಲ. ಮೊದಲು ಒಂದೇ ಇದ್ದ ಗೀರನ್ನು ಈಗ ತುಂಡುತುಂಡಾಗಿ ಮಾಡಲಾಗಿತ್ತು. ತುಂಡುಗಳ ನಡುವೆ ಅಲ್ಲಲ್ಲಿ ಎಡಪಾದದ ಹೆಬ್ಬೆರಳು ಊರಿದ ಗುರುತು. ಕುಸಿದು ಕುಳಿತ ತಗ್ಗು ಅರ್ಧ ದಾರಿಯಿಂದ ಮುಂದಕ್ಕೆ ಸರಿದು ಕಿಟಕಿಯ ಹತ್ತಿರ ಬಂದಿತ್ತು. ಅಪರಾಧವು ಹರಡುತ್ತಿದೆಯೆಂದು ದಾಖಲಿಸಿ, ಮತ್ತೊಮ್ಮೆ ಕಂಡುಬಂದರೆ ಕಾರ್ಪೆಟ್ಟನ್ನೇ ಸುತ್ತಿಕೊಂಡು ಹೋಗಲಾಗುವುದೆಂದು ಎಚ್ಚರಿಸಲಾಯಿತು. ಕಾರ್ಪೆಟ್ಟು ಹೋದರೆ ಮಾವನವರನ್ನು ಕಲ್ಲುನೆಲದ ಮೇಲೆ ನಡೆಸುವ ಧೈರ್ಯ ತನಗಿಲ್ಲವೆಂದೂ ಅವರು ಮತ್ತೆ ಮಂಚ ಹಿಡಿಯುತ್ತಾರೆಂದೂ ಹೊಲಿಗೆಯಾಕೆ ತಿಳಿಸಿದಳು. ಮಂಚವು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತಿಳಿಸಲಾಯಿತು.

(ಇ) ಮೂರನೇ ತಪಾಸಣೆ: ಗೀರು ಸಂಪೂರ್ಣ ಮಾಯ. ಅದರ ಬದಲು ಎರಡು ಬೇರೆಬೇರೆ ಪಾದಗಳ ಸ್ಪಷ್ಟ ಗುರುತುಗಳು ಬಾಗಿಲಿನಿಂದ ಹೊರಟು ಕಿಟಕಿಯವರೆಗೂ ಹೋಗಿದ್ದವು. ಎಲ್ಲೂ ತಗ್ಗಿರಲಿಲ್ಲ. ಹೆಣ್ಣುಮಗಳ ಗುರುತುಗಳು ಪಕ್ಕದಲ್ಲಿರದೆ, ಸ್ವಲ್ಪ ಹಿಂದೆ ಉಳಿದಿದ್ದವು. ಪೀಠೋಪಕರಣ ಎಳೆಯುವುದರಿಂದ ಆರಂಭವಾದ ಈ ಅಪರಾಧವು ರಾಜಾರೋಷದ ನಡಿಗೆಯ ಮಟ್ಟಕ್ಕೆ ಬಂದು ಮುಟ್ಟಿತೆಂದು ವಿಷಾದದಿಂದ ದಾಖಲಿಸಲಾಗಿದೆ. ನಿರೀಕ್ಷಕರು ತಮ್ಮ ವರದಿಯನ್ನು "ಸಂತೋಷದ ವಿಷಯವೇನೆಂದರೆ" ಎಂದು ಆರಂಭಿಸಿದ್ದು, ಆ ಪದಗಳನ್ನು ಹೊಡೆದುಹಾಕಿ ಅವರಿಂದ ಸಮಜಾಯಿಷಿ ಕೇಳಲಾಗಿದೆ.

8. ವಿಚಾರಣೆ. ಕಾರ್ಪೆಟ್ಟು ಜಪ್ತಿ ಮಾಡುವ ಮುನ್ನ ಆರೋಪಿಗೆ ಒಂದು ಅವಕಾಶ ಕೊಡುವುದು ಇಲಾಖೆಯ ದೊಡ್ಡ ಗುಣ. ಅದರಂತೆ ಚಾಲಕರು ಖುದ್ದಾಗಿ ಮೂರನೇ ಮಹಡಿಗೆ ಬಂದು ಹೇಳಿಕೆ ನೀಡತಕ್ಕದ್ದೆಂದೂ, ಬಾರದಿದ್ದಲ್ಲಿ ತಪ್ಪು ಒಪ್ಪಿಕೊಂಡಂತೆ ಎಂದೂ ನೋಟಿಸು ನೀಡಲಾಯಿತು. ಲಿಫ್ಟಿನ ವಿಷಯ ಉಪನಿರ್ದೇಶಕರಿಗೆ ಗೊತ್ತಿತ್ತು. ಚಾಲಕರು ಬರಲಾರರೆಂಬುದೂ ಗೊತ್ತಿತ್ತು. ಬೆಳಿಗ್ಗೆಯೇ ಜಪ್ತಿ ಆದೇಶಕ್ಕೆ ಸಹಿ ಹಾಕಿ, ಇಬ್ಬರು ಆಳುಗಳನ್ನು ಗೊತ್ತುಮಾಡಿ ಇಡಲಾಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕಾಗಿದೆ. ಕಚೇರಿಯ ಬಾಗಿಲಿನಿಂದ ಉಪನಿರ್ದೇಶಕರ ಮೇಜಿನವರೆಗೆ ಒಂದು ಕೆಂಪು ಕಾರ್ಪೆಟ್ಟು ಇದೆ. ಹಾಸಿದ ದಿನದಿಂದ ಅದರ ಮೇಲೆ ಯಾರೂ ನಡೆದಿರಲಿಲ್ಲ. ಅಟೆಂಡರು ದಿನಾ ಬೆಳಿಗ್ಗೆ ಬದಿಯಲ್ಲಿ ಮಂಡಿಯೂರಿ ಅದನ್ನು ಬಾಚುತ್ತಾನೆ. ಕಚೇರಿಯ ವ್ಯಾಕ್ಯೂಮ್ ಕ್ಲೀನರಿಗೆ ಪ್ಲಗ್ ಇಲ್ಲ. ಪ್ಲಗ್ ಬೇಕೆಂದು ಬರೆದ ಕಡತ ಮೇಲಿನ ಕಚೇರಿಯಲ್ಲಿದೆ. ಸಿಬ್ಬಂದಿಯೆಲ್ಲ ಗೋಡೆ ಹಿಡಿದೇ ಓಡಾಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಿನಿಂದ ಕೋಲಿನ ಸದ್ದು ಕೇಳಿಬಂತು. ಒಂದು ಸದ್ದು, ಬಹಳ ಹೊತ್ತು ಮೌನ, ಮತ್ತೊಂದು ಸದ್ದು. ಬೆರಳಚ್ಚುಗಾರ್ತಿಯ ಯಂತ್ರ ನಿಂತಿತು. ಗುಮಾಸ್ತರು ಬಾಯಿಗೆ ಹೋಗುತ್ತಿದ್ದ ಟೀ ಲೋಟವನ್ನು ಹಾಗೇ ಹಿಡಿದುಕೊಂಡರು. ಆ ಸದ್ದು ಮೂರು ಮಹಡಿ ಏರುವವರೆಗೆ ಕಚೇರಿಯಲ್ಲಿ ಯಾರೂ ಒಂದು ಕಾಗದವನ್ನೂ ಮುಟ್ಟಲಿಲ್ಲ. ಹಾಗೆ ನಷ್ಟವಾದ ಕೆಲಸದ ಬಗ್ಗೆ ಪ್ರತ್ಯೇಕ ಸುತ್ತೋಲೆ ಹೊರಡಲಿದೆ.

ಕೊನೆಗೆ ಬಾಗಿಲಲ್ಲಿ ಚಾಲಕರು ಕಾಣಿಸಿಕೊಂಡರು. ಚಪ್ಪಲಿ ಬಿಟ್ಟರು. ಕೋಲನ್ನು ಗೋಡೆಗೆ ಒರಗಿಸಿದರು. ಹೊಲಿಗೆಯಾಕೆ ಎರಡೂ ಕೈ ಮುಂದೆ ಚಾಚಿ, ಆದರೆ ಮುಟ್ಟದೆ, ಹಿಂದೆ ನಿಂತಳು. ಚಾಲಕರು ಬಲಗಾಲನ್ನು ಕೆಂಪು ಕಾರ್ಪೆಟ್ಟಿನ ನಟ್ಟನಡುವೆ ಇಟ್ಟರು. ಆಮೇಲೆ ಎಡಗಾಲನ್ನು ಎತ್ತಿ ಇಟ್ಟರು.

ಉಪನಿರ್ದೇಶಕರು ಕುರ್ಚಿಯಿಂದ ಎದ್ದು ಕೂಗಿದ್ದು: "ರೀ, ಬದೀಲಿ ಬನ್ರೀ! ಗೋಡೆ ಹಿಡ್ಕೊಂಡು ಬನ್ನಿ!"

ಚಾಲಕರು ಹೇಳಿದ್ದು: "ಬದಿಗೆ ತಿರುಗೋದು ಇನ್ನೂ ಬರಲ್ಲ ಸಾರ್. ಸದ್ಯಕ್ಕೆ ನೇರ ಹೋಗೋದು ಒಂದೇ ಬರುತ್ತೆ. ಬಸ್ಸಿಗಾದ್ರೆ ಸ್ಟೇರಿಂಗ್ ಇತ್ತು."

ಹೀಗೆ ಹೇಳಿ ಅವರು ನೇರವಾಗಿಯೇ ಬಂದರು. ಮೇಜಿಗೆ ಬಂದು ಮುಟ್ಟಿದವರೇ ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಉಸಿರು ಬಿಟ್ಟರು. ಎಡಗೈಯೂ ಅಂಚನ್ನು ಹಿಡಿದಿತ್ತು. ಬೆರಳಚ್ಚುಗಾರ್ತಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅವಳಿಗೆ ಕಾರಣ ಕೇಳಿ ನೋಟಿಸು ನೀಡಲಾಗಿದೆ. ಗುಮಾಸ್ತರು ಟೀ ಲೋಟ ಕೆಳಗಿಟ್ಟು ತಟ್ಟಿದರು, ಅವರಿಗೂ ನೀಡಲಾಗಿದೆ. ಉಪನಿರ್ದೇಶಕರಿಗೆ ಆ ಗಳಿಗೆಯಲ್ಲಿ ಏಕೋ ತಮ್ಮ ಮನೆಯ ಕಿಟಕಿಯ ನೆನಪಾಯಿತು. ಅದು ಈ ಪ್ರಕರಣಕ್ಕೆ ಅಪ್ರಸ್ತುತ.

9. ತೀರ್ಪು. ಆರೋಪಿಯು ಖುದ್ದು ಹಾಜರಾದ್ದರಿಂದ ಬೆಳಗಿನ ಜಪ್ತಿ ಆದೇಶವು ತಾನಾಗಿಯೇ ಬಿದ್ದುಹೋಯಿತು. ಹೊಸದಾಗಿ ಜಪ್ತಿ ಮಾಡೋಣವೆಂದರೆ, ಮೂರನೇ ತಪಾಸಣೆಯ ಗುರುತುಗಳು ಕಲಂ 6ರ ಪ್ರಕಾರ ಸಾಕ್ಷ್ಯವಾಗಿದ್ದು, ಕಾರ್ಪೆಟ್ಟನ್ನು ಸುತ್ತಿದರೆ ಅವು ಕೆಡುತ್ತವೆ. ಆದ್ದರಿಂದ ಕಾರ್ಪೆಟ್ಟು ಇದ್ದಲ್ಲಿಯೇ ಇರತಕ್ಕದ್ದು, ಅದನ್ನು ಇನ್ನು ವ್ಯಾಕ್ಯೂಮ್ ಮಾಡತಕ್ಕದ್ದಲ್ಲ ಎಂದು ಉಪನಿರ್ದೇಶಕರು ಆದೇಶಿಸಿದರು.  ಆ ಕಾಲಿಗೆ ಒಂದು ಗುಂಡುಸೂಜಿ ಸಾಕು ಸಾರ್, ಎಂದಷ್ಟೇ ಹೊಲಿಗೆಯಾಕೆ ಅಂದಳು. ಆಮೇಲೆ ಕಲಂ 6ನ್ನು ಇನ್ನೊಮ್ಮೆ ಓದಿಸಿ ಕೇಳಿ, ತಲೆ ತಗ್ಗಿಸಿ ಹೀಗೆಂದಳು:

"ಹಾಗಾದ್ರೆ ನಮಗೆ ಶಿಕ್ಷೆನೇ ಕೊಟ್ಟುಬಿಡಿ ಸಾರ್. ದಿನಾ ಮೆಷಿನ್ ಹಾಕಿ ಗುರುತು ಅಳಿಸ್ತೀನಿ, ನಿಮ್ಮ ನಿಯಮದಂತೆ. ಅಳಿಸಿದ್ದನ್ನ ಅದೇ ಜಾಗದಲ್ಲಿ, ಅದೇ ಕಾಲಲ್ಲಿ, ದಿನಾ ಮೂಡಿಸಿಕೊಡೋದು ನಮ್ಮ ಮಾವನ ಹೊಣೆ. ಎಷ್ಟು ಕಷ್ಟ ಆದ್ರೂ ಸರಿ, ತಪ್ಪಿಸಲ್ಲ."

ಇಷ್ಟು ಕಠಿಣವಾದ ಶಿಕ್ಷೆ ಉಪನಿರ್ದೇಶಕರಿಗೂ ಹೊಳೆದಿರಲಿಲ್ಲ. ತಪ್ಪಿತಸ್ಥರೇ ತಮ್ಮ ಕೈಯಾರೆ ಹಗ್ಗ ತಂದುಕೊಡುವುದು ಅಪರೂಪ. ಬಹಳ ತೃಪ್ತಿಯಿಂದ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಹೊಲಿಗೆಯಾಕೆಯು ಪ್ರತಿದಿನ ಬೆಳಿಗ್ಗೆ ಕಾರ್ಪೆಟ್ಟನ್ನು ಸಂಪೂರ್ಣವಾಗಿ ವ್ಯಾಕ್ಯೂಮ್ ಮಾಡತಕ್ಕದ್ದು.

(ಆ) ಅದರಿಂದ ಅಳಿದುಹೋದ ಸಾಕ್ಷ್ಯವನ್ನು ಚಾಲಕರು ಪ್ರತಿದಿನ, ಬಾಗಿಲಿನಿಂದ ಕಿಟಕಿಯವರೆಗೆ, ತಮ್ಮ ಎರಡೂ ಪಾದಗಳಿಂದ ಪುನಃ ಮೂಡಿಸತಕ್ಕದ್ದು. ಎಡಪಾದವನ್ನು ಎತ್ತಿಯೇ ಇಡತಕ್ಕದ್ದು. ಎಳೆದಲ್ಲಿ ಒಪ್ಪಲಾಗುವುದಿಲ್ಲ.

(ಇ) ಈ ಶಿಕ್ಷೆಯಿಂದ ವಿನಾಯಿತಿ ಕೇಳತಕ್ಕದ್ದಲ್ಲ. ಕಡತ ಇತ್ಯರ್ಥವಾಗುವವರೆಗೆ ಇದು ಜಾರಿಯಲ್ಲಿರುತ್ತದೆ. ಈ ಇಲಾಖೆಯಲ್ಲಿ ಇದುವರೆಗೆ ಯಾವ ಕಡತವೂ ಇತ್ಯರ್ಥವಾಗಿರುವುದಿಲ್ಲ.

ಆದೇಶ ಕೇಳಿ ಹೊಲಿಗೆಯಾಕೆಯು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಪಶ್ಚಾತ್ತಾಪದಿಂದ ಅಳುತ್ತಿದ್ದಳೆಂದು ನಮೂದಿಸಲಾಗಿದೆ.

10. ಕಚೇರಿಯ ಕೆಂಪು ಕಾರ್ಪೆಟ್ಟಿನ ಮೇಲೆ ಚಾಲಕರು ಮೂಡಿಸಿದ ಗುರುತುಗಳೂ ಸಾಕ್ಷ್ಯವೇ. ಆದರೆ ಮರುದಿನ ಬೆಳಿಗ್ಗೆ ಅಟೆಂಡರು ರೂಢಿಯ ಮೇಲೆ ಅವನ್ನು ಬಾಚಿಬಿಟ್ಟನು. ಸರ್ಕಾರಿ ಸಾಕ್ಷ್ಯ ನಾಶವಾದ್ದರಿಂದ ಅದನ್ನು ಮರುಸ್ಥಾಪಿಸಲು ಚಾಲಕರು ವಾರಕ್ಕೊಮ್ಮೆ ಮೂರನೇ ಮಹಡಿಗೆ ಹತ್ತಿ ಬರತಕ್ಕದ್ದು. ಅವರು ಬರುವ ಹೊತ್ತಿಗೆ ಸಿಬ್ಬಂದಿಯು ಕೆಲಸ ಬಿಟ್ಟು ಎದ್ದು ನಿಲ್ಲತಕ್ಕದ್ದಲ್ಲ, ಚಪ್ಪಾಳೆ ತಟ್ಟತಕ್ಕದ್ದಲ್ಲ, ಟೀ ತರಿಸಿ ಇಡತಕ್ಕದ್ದಲ್ಲ. ಉಪನಿರ್ದೇಶಕರು ಎದ್ದು ನಿಂತರೆ ಅದು ಕಾಲು ಜೋಮು ಹಿಡಿದದ್ದರಿಂದ ಎಂದು ತಿಳಿಯತಕ್ಕದ್ದು.

ಮೇಲ್ಕಂಡ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ಪಾಲಿಸುವ ಯೋಗ್ಯತೆ ಯಾರಿಗಿದೆ ಎಂಬುದು ಬೇರೆ ಮಾತು.

ಸಹಿ/-
ಉಪನಿರ್ದೇಶಕರು
ಗೃಹ ನೆಲಹಾಸು ನೈರ್ಮಲ್ಯ ಇಲಾಖೆ

ಪ್ರತಿಗಳು:

1. ಮೇಲ್ಮಹಡಿಯ ಗುತ್ತಿಗೆದಾರರಿಗೆ, ಮಾದರಿ ಮನೆಯ ಪ್ರಶಸ್ತಿಪತ್ರದೊಂದಿಗೆ. ಕೊಡಲು ಹೋಗುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು.
2. ನೆಲಹಾಸು ನಿರೀಕ್ಷಕರಿಗೆ, "ಸಂತೋಷ" ಎಂಬ ಪದದ ಬಗ್ಗೆ ಸಮಜಾಯಿಷಿ ಕೋರಿ.
3. ಬೆರಳಚ್ಚುಗಾರ್ತಿಗೆ. ಈ ಪ್ರತಿಯನ್ನು ಅವರೇ ಬೆರಳಚ್ಚು ಮಾಡಿರುವುದರಿಂದ ತಲುಪಿದೆಯೆಂದು ಭಾವಿಸಲಾಗಿದೆ.
4. ಅಟೆಂಡರಿಗೆ, ಬಾಚಣಿಗೆ ಹಿಂದಿರುಗಿಸುವ ಸೂಚನೆಯೊಂದಿಗೆ.
5. ಉಪನಿರ್ದೇಶಕರ ಅತ್ತೆಯವರಿಗೆ, ಮೂಲೆಯ ಸ್ಟೂಲಿನ ವಿಳಾಸಕ್ಕೆ. ಬಾಗಿಲಿನಿಂದ ಎಸೆಯುವುದು.
6. ಲಿಫ್ಟ್ ದುರಸ್ತಿ ಮಾಡುವವರಿಗೆ, ಅವಸರವೇನೂ ಇಲ್ಲವೆಂಬ ಮಾಹಿತಿಗಾಗಿ.
7. ಹೊಲಿಗೆಯಾಕೆಗೆ, ಶಿಕ್ಷೆಯ ಜಾರಿಗಾಗಿ.
8. ನಿವೃತ್ತ ಬಸ್ ಚಾಲಕರಿಗೆ. ಈ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸತಕ್ಕದ್ದಲ್ಲ, ಮನೆಗೆ ಒಯ್ದು ಕೊಡತಕ್ಕದ್ದಲ್ಲ. ಅವರೇ ನಡೆದು ಬಂದು, ಕಾರ್ಪೆಟ್ಟಿನ ನಡುವಿನಿಂದಲೇ ಬಂದು, ತೆಗೆದುಕೊಂಡು ಹೋಗತಕ್ಕದ್ದು.